ಕಲಬುರಗಿಯಲ್ಲಿದ್ದು ಫ್ರಾನ್ಸಿನ ಫ್ಲ್ಯಾಟ್ ನೋಡಿಕೊಳ್ಳುವ ಬಗೆ

ತುಲೂಸ್ ನಗರದಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಬ್ಯಾಂಕಿನ ಸಾಲ ತೆಗೆದು ಎರಡು ಕೋಣೆಯ ಒಂದು ಫ್ಲ್ಯಾಟ್ ಕೊಂಡಿದ್ದೆ. ತಂದೆಯವರ ಆರೋಗ್ಯ ಕೆಟ್ಟು ಕಲಬುರಗಿಗೆ ಮರಳಬೇಕಾದಾಗ ಅದನ್ನು ಮಾರಲು ಮನಸ್ಸಾಗದೆ, ಬಾಗಿಲಿಗೆ ಕೀಲಿ ಹಾಕಿ ಬಂದುಬಿಟ್ಟೆ. ಎರಡನೆಯ ವರ್ಷ ಆ ಕಟ್ಟಡದ ಮಾಲೀಕರ ಸಭೆಯು ಇಟ್ಟಿಗೆಯ ಮುಂಗೋಡೆಯನ್ನು ಪೂರ್ತಿಯಾಗಿ ದುರಸ್ತಿ ಮಾಡಿಸಲು ತೀರ್ಮಾನಿಸಿತು. ಸಭೆಯ ನೋಟಿಸು ಹೋದದ್ದು ಬೀಗ ಹಾಕಿದ ಅದೇ ಫ್ಲ್ಯಾಟಿನ ವಿಳಾಸಕ್ಕೆ. ಸಭೆಯ ನಡಾವಳಿಯೂ ಅಲ್ಲಿಗೇ ಹೋಯಿತು, ಹಣದ ಬೇಡಿಕೆಯೂ ಅಲ್ಲಿಗೇ ಹೋಯಿತು. ಹಳೆಯ ನೆರೆಯವರೊಬ್ಬರು ಫೋನ್ ಮಾಡಿ ತಿಳಿಸುವ ಹೊತ್ತಿಗೆ ಆಕ್ಷೇಪಣೆ ಎತ್ತುವ ಅವಧಿ ಮುಗಿದಿತ್ತು. ಫ್ರೆಂಚ್ ಕಾನೂನಿನ ಕಣ್ಣಿನಲ್ಲಿ ಆ ಪತ್ರಗಳೆಲ್ಲ ನನಗೆ ತಲುಪಿಯೇ ಇದ್ದವು.

ದೂರದಲ್ಲಿರುವುದು ಅಷ್ಟು ದೊಡ್ಡ ತೊಂದರೆಯಲ್ಲ ಎಂಬುದನ್ನು ಅಲ್ಲಿಂದ ಮುಂದಿನ ವರ್ಷಗಳು ನನಗೆ ಕಲಿಸಿವೆ. ಫ್ರಾನ್ಸಿನ ವ್ಯವಸ್ಥೆಯು ಊರಲ್ಲಿಲ್ಲದ ಮಾಲೀಕನಿಗೂ ಮತ ಹಾಕುವ, ದಾಖಲೆ ನೋಡುವ, ಪ್ರಶ್ನೆ ಕೇಳುವ ಪೂರ್ಣ ಅವಕಾಶ ಕೊಟ್ಟಿದೆ. ಆದರೆ ಗಡುವು ಮೀರಿದವನಿಗೆ, ಅವನು ಎಷ್ಟೇ ದೂರದಲ್ಲಿರಲಿ, ಅದು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಅದಕ್ಕಾಗಿ ಗಡುವುಗಳು ಎಲ್ಲಿಂದ ಹುಟ್ಟುತ್ತವೆ ಮತ್ತು ಅವುಗಳಿಗೆ ಇಲ್ಲಿಂದಲೇ ಹೇಗೆ ಸಿದ್ಧವಾಗಿರಬೇಕು ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಪಾಲು ಎಂದರೇನು ಎಂಬುದು ತಿಳಿದಿರಲಿ

ಫ್ರಾನ್ಸಿನಲ್ಲಿ ಹಲವರು ಒಡೆತನ ಹಂಚಿಕೊಂಡಿರುವ ಕಟ್ಟಡವನ್ನು ಕೋಪ್ರೊಪ್ರಿಯೆತೆ ಎನ್ನುತ್ತಾರೆ. ಅದನ್ನು ಆಳುವುದು 1965ರ ಜುಲೈ 10ರ ಕಾನೂನು ಮತ್ತು ಅದರ ಜಾರಿಗಾಗಿ ಬಂದ 1967ರ ಮಾರ್ಚ್ 17ರ ಆದೇಶ. ಆಮೇಲೆ ಎಷ್ಟೋ ತಿದ್ದುಪಡಿಗಳಾಗಿವೆಯಾದರೂ ಅಲ್ಲಿನ ಜನ ಇವತ್ತಿಗೂ ಆ ಕಾನೂನಿನ ಕಲಮುಗಳ ಸಂಖ್ಯೆಯನ್ನೇ ಹೇಳಿ ಮಾತಾಡುತ್ತಾರೆ. "ಇದು 24ನೇ ಕಲಮಿನ ಮತ, ಅದು 25ನೆಯದು" ಎಂದು ಸಭೆಯಲ್ಲಿ ಹೇಳಿದಾಗ ಗಲಿಬಿಲಿಯಾಗದಿರಲು ಆ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಳ್ಳುವಾಗ ಬಾವಿಯನ್ನು ತುಂಡು ಮಾಡಲು ಬರುವುದಿಲ್ಲವಾದ್ದರಿಂದ, ಪತ್ರದಲ್ಲಿ ಬಾವಿಯೊಳಗೆ ಇಂತಿಷ್ಟು ಆಣೆ ಪಾಲು ಎಂದು ಬರೆಸುತ್ತಾರೆ. ನಾಲ್ಕಾಣೆ ಪಾಲಿನವನು ಪುಣೆಗೆ ದುಡಿಯಲು ಹೋಗಿದ್ದರೂ ಹೂಳೆತ್ತುವ ಖರ್ಚಿನಲ್ಲಿ ನಾಲ್ಕಾಣೆ ಕೊಡಲೇಬೇಕು. ಫ್ರೆಂಚರ ತಾಂತಿಯೆಮ್ ಎಂಬುದು ಇದೇ ಲೆಕ್ಕ. ಮೆಟ್ಟಿಲು, ಛಾವಣಿ, ಹೊರಗೋಡೆ, ಚರಂಡಿ, ಅಂಗಳ ಇವೆಲ್ಲ ಎಲ್ಲರ ಸೊತ್ತು. ಇಡೀ ಕಟ್ಟಡವನ್ನು 1,000 ಅಥವಾ 10,000 ಭಾಗಗಳೆಂದು ಎಣಿಸಿ ಪ್ರತಿ ಫ್ಲ್ಯಾಟಿಗೂ ಅದರಲ್ಲಿ ಒಂದು ಪಾಲನ್ನು ಗೊತ್ತುಮಾಡಿರುತ್ತಾರೆ. ನಿಮ್ಮ ಪಾಲು 10,000ದಲ್ಲಿ 120 ಆಗಿದ್ದು, ಛಾವಣಿಯ ದುರಸ್ತಿಗೆ 50,000 ಯೂರೊ ತಗುಲಿದರೆ ನೀವು ಕೊಡಬೇಕಾದದ್ದು 600 ಯೂರೊ. ಸಭೆಯಲ್ಲಿ ನಿಮ್ಮ ಮತದ ತೂಕವೂ ಆ 120ರಷ್ಟೇ. ಕಲಬುರಗಿಯ ಹಲವು ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಗೆ ಇಷ್ಟು ಎಂದು ಮೆಂಟೆನೆನ್ಸ್ ಎತ್ತುವ ರೂಢಿ ಕಂಡವರಿಗೆ ಇದು ಮೊದಮೊದಲು ಹೊಸದೆನಿಸುತ್ತದೆ. ಲಿಫ್ಟಿನಂಥ ಸೌಕರ್ಯಗಳ ಖರ್ಚನ್ನು ಮಾತ್ರ ಬೇರೆ ರೀತಿಯಲ್ಲಿ, ಯಾವ ಫ್ಲ್ಯಾಟಿಗೆ ಅದರಿಂದ ಎಷ್ಟು ಉಪಯೋಗವಿದೆ ಎಂಬುದರ ಮೇಲೆ ಹಂಚುತ್ತಾರೆ. ಹೀಗಾಗಿ ನೆಲಮಾಳಿಗೆಯಲ್ಲಿ ಸೊತ್ತೇನೂ ಇಲ್ಲದ, ನೆಲಮಹಡಿಯಲ್ಲಿ ವಾಸಿಸುವ ಮಾಲೀಕನಿಗೆ ಲಿಫ್ಟಿನ ಬಿಲ್ಲು ಬಂದಿದ್ದರೆ ಪ್ರಶ್ನಿಸಲು ಕಾರಣವಿದೆ.

ಈ ಎಲ್ಲ ಲೆಕ್ಕವೂ ರೆಗ್ಲೆಮಾ ದ ಕೋಪ್ರೊಪ್ರಿಯೆತೆ ಎಂಬ ನಿಯಮಾವಳಿಯಲ್ಲಿ ಇರುತ್ತದೆ. ಖರೀದಿಯ ಸಮಯದಲ್ಲಿ ನೋಟರಿಯವರು (ಅಲ್ಲಿ ಆಸ್ತಿಯ ಖರೀದಿ ಪತ್ರ ಮಾಡಿಕೊಡುವ ಅಧಿಕಾರಿ) ಕೊಟ್ಟ ಕಾಗದಗಳ ಕಟ್ಟಿನಲ್ಲಿ ಅದನ್ನು ಹುಡುಕಿ, ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ನಮ್ಮಲ್ಲಿ ಪಹಣಿ ಇಲ್ಲದೆ ಹೊಲದ ಮಾತು ನಡೆಯದಂತೆ ಅಲ್ಲಿ ಈ ನಿಯಮಾವಳಿಯಿಲ್ಲದೆ ಯಾವ ವಾದವೂ ನಿಲ್ಲುವುದಿಲ್ಲ.

ಮಾಲೀಕರೆಲ್ಲ ಸೇರಿ ತಾನಾಗಿಯೇ ಒಂದು ಸಂಘ ಏರ್ಪಡುತ್ತದೆ. ಅದಕ್ಕೆ ಸೇರುವುದೂ ಬಿಡುವುದೂ ನಮ್ಮ ಕೈಯಲ್ಲಿಲ್ಲ. ಸಂಘದ ಪರವಾಗಿ ದಿನನಿತ್ಯದ ಕೆಲಸ ನಡೆಸುವ ನಿರ್ವಾಹಕನಿಗೆ ಸ್ಯಾಂಡಿಕ್ ಎಂದು ಹೆಸರು. ಬಹಳ ಕಡೆ ಅದೊಂದು ವೃತ್ತಿಪರ ಸಂಸ್ಥೆಯಾಗಿರುತ್ತದೆ; ಚಿಕ್ಕ ಕಟ್ಟಡಗಳಲ್ಲಿ ಮಾಲೀಕರಲ್ಲೇ ಒಬ್ಬರು ಆ ಹೊಣೆ ಹೊರುವುದೂ ಉಂಟು. ಸ್ಯಾಂಡಿಕನ ನೇಮಕ ಒಂದು ಸಲಕ್ಕೆ ಹೆಚ್ಚೆಂದರೆ 3 ವರ್ಷಕ್ಕೆ ಮಾತ್ರ; ಆಮೇಲೆ ಸಭೆಯೇ ಮತ್ತೆ ಆರಿಸಬೇಕು. ಅವನ ಕೆಲಸದ ಮೇಲೆ ಕಣ್ಣಿಡಲು ಮಾಲೀಕರಲ್ಲಿ ಕೆಲವರನ್ನು ಆರಿಸಿ ಮಾಡಿದ ಸಮಿತಿಗೆ ಕೊನ್ಸೆಯ್ ಸ್ಯಾಂಡಿಕಾಲ್ ಎನ್ನುತ್ತಾರೆ. ದೂರದಲ್ಲಿರುವವರಿಗೆ ಸ್ಯಾಂಡಿಕನಿಗಿಂತ ಈ ಸಮಿತಿಯ ಒಬ್ಬ ಸದಸ್ಯರ ಪರಿಚಯ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವರು ಆ ಕಟ್ಟಡದಲ್ಲೇ ಮಲಗಿ ಏಳುವವರು. ಛಾವಣಿ ಸೋರುವುದು ಕಾಗದದಲ್ಲಿ ಬರುವ ಮೊದಲು ಅವರಿಗೆ ಗೊತ್ತಾಗಿರುತ್ತದೆ.

ವಿಳಾಸ: ಎಲ್ಲಕ್ಕಿಂತ ಮೊದಲ ಕೆಲಸ

ಪ್ರತಿಯೊಬ್ಬ ಮಾಲೀಕನೂ ತಾನು ನೆಲೆಸಿರುವ ಅಥವಾ ಪತ್ರವ್ಯವಹಾರಕ್ಕಾಗಿ ಆರಿಸಿಕೊಂಡ ವಿಳಾಸವನ್ನು ಸ್ಯಾಂಡಿಕನಿಗೆ ವಿಧಿವತ್ತಾಗಿ ತಿಳಿಸಬೇಕೆಂದು 1967ರ ಆದೇಶದ 65ನೇ ಕಲಮು ಹೇಳುತ್ತದೆ. ತಿಳಿಸದಿದ್ದರೆ, ಕೊನೆಯದಾಗಿ ತಿಳಿಸಿದ್ದ ವಿಳಾಸಕ್ಕೆ ಕಳುಹಿಸಿದ ನೋಟಿಸೇ ಸಿಂಧು. ಇದಕ್ಕಿಂತ ಕಠಿಣವಾದ ಮಾತೊಂದು 64ನೇ ಕಲಮಿನಲ್ಲಿದೆ: ರಿಜಿಸ್ಟರ್ಡ್ ಪತ್ರದ ಗಡುವು ನೀವು ಅದನ್ನು ಬಿಡಿಸಿ ಓದಿದ ದಿನದಿಂದಲ್ಲ, ಅಂಚೆಯವನು ಮೊದಲ ಸಲ ಆ ವಿಳಾಸದ ಬಾಗಿಲಿಗೆ ತಂದ ದಿನದ ಮರುದಿನದಿಂದ ಎಣಿಕೆಯಾಗುತ್ತದೆ. ಮನೆಯಲ್ಲಿ ಯಾರೂ ಇಲ್ಲದೆ ಅವನು ಚೀಟಿ ಬಿಟ್ಟು ಹೋದರೂ ಎಣಿಕೆ ಶುರುವಾಗಿರುತ್ತದೆ. ನನಗೆ ಆದದ್ದು ಇದೇ.

ಊರಿಗೆ ಮರಳುವವರು ವಿಮಾನದ ಟಿಕೆಟ್ ತೆಗೆಯುವ ಮೊದಲೇ ಸ್ಯಾಂಡಿಕನಿಗೆ ರಿಜಿಸ್ಟರ್ಡ್ ಪತ್ರ ಬರೆದು ವಿಳಾಸ ಬದಲಿಸಬೇಕು. ಪತ್ರದಲ್ಲಿ ಫ್ಲ್ಯಾಟಿನ ಲಾಟ್ ಸಂಖ್ಯೆ (ನಿಯಮಾವಳಿಯಲ್ಲಿ ಅದಕ್ಕೆ ಕೊಟ್ಟಿರುವ ಸಂಖ್ಯೆ), ಎಲ್ಲ ಮಾಲೀಕರ ಪೂರ್ಣ ಹೆಸರು, ಹೊಸ ವಿಳಾಸ, ಫೋನ್ ಸಂಖ್ಯೆ, ಇಮೇಲ್ ಇವಿಷ್ಟೂ ಇರಲಿ. ಕಲಬುರಗಿಯ ವಿಳಾಸ ಕೊಡುವುದಾದರೆ ಬಡಾವಣೆಯ ಹೆಸರು, ಗುರುತಿನ ಗುಡಿ ಅಥವಾ ಶಾಲೆ, ಪಿನ್‌ಕೋಡ್ ಎಲ್ಲವನ್ನೂ ಬರೆಯಿರಿ. ಆದರೂ ಸಭೆಯ ನೋಟಿಸಿಗೂ ಸಭೆಗೂ ನಡುವೆ ಕನಿಷ್ಠ 21 ದಿನದ ಅಂತರ ಮಾತ್ರ ಕಡ್ಡಾಯವಾಗಿರುವುದರಿಂದ, ಯುರೋಪಿನಿಂದ ಇಲ್ಲಿಗೆ ಬರುವ ಅಂಚೆಯನ್ನು ನಂಬಿ ಕೂರುವುದು ಜಾಣತನವಲ್ಲ. ಫ್ರಾನ್ಸಿನಲ್ಲೇ ಇರುವ ನಂಬಿಗಸ್ತ ಗೆಳೆಯರೊಬ್ಬರ ವಿಳಾಸವನ್ನು ಆರಿಸಿಕೊಂಡ ವಿಳಾಸವೆಂದು ಕೊಡುವುದು ಒಂದು ದಾರಿ. ಇನ್ನೊಂದು, ಈಗ ಹೆಚ್ಚು ಸುಲಭವಾದದ್ದು, ಇಲೆಕ್ಟ್ರಾನಿಕ್ ದಾರಿ.

2024ರ ಏಪ್ರಿಲ್ 9ರ ಕಾನೂನು ಬಂದ ಮೇಲೆ ನೋಟಿಸುಗಳನ್ನು ಇಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸುವುದೇ ಸಾಮಾನ್ಯ ನಿಯಮವಾಗಿದೆ; ಕಾಗದದಲ್ಲೇ ಬೇಕೆನ್ನುವವರು ಹಾಗೆಂದು ಕೇಳಿಕೊಳ್ಳಬೇಕು. ಇದು ನಮ್ಮಂಥವರಿಗೆ ದೊಡ್ಡ ಅನುಕೂಲ. ಆದರೆ ಇಲೆಕ್ಟ್ರಾನಿಕ್ ರಿಜಿಸ್ಟರ್ಡ್ ಪತ್ರವು ಸಾಧಾರಣ ಇಮೇಲಿನಂತೆ ನೇರವಾಗಿ ತೆರೆದುಕೊಳ್ಳುವುದಿಲ್ಲ. ನಿಮಗೊಂದು ಪತ್ರ ಕಾದಿದೆ ಎಂಬ ಸೂಚನೆ ಮಾತ್ರ ಬರುತ್ತದೆ. ಅದನ್ನು ಸ್ವೀಕರಿಸಲು 15 ದಿನ ಸಮಯವಿರುತ್ತದೆ. ಗಡುವಿನ ಎಣಿಕೆ ಮಾತ್ರ ಸೂಚನೆ ಕಳುಹಿಸಿದ ಮರುದಿನವೇ ಆರಂಭವಾಗುತ್ತದೆ. ಈ ಸೂಚನೆಗಳು ಸ್ಪ್ಯಾಮ್ ಡಬ್ಬಿಗೆ ಬೀಳುವುದು ಸಾಮಾನ್ಯವಾದ್ದರಿಂದ, ಫ್ಲ್ಯಾಟಿನ ವ್ಯವಹಾರಕ್ಕೆಂದೇ ಬೇರೆ ಇಮೇಲ್ ವಿಳಾಸ ಮಾಡಿಕೊಂಡು, ಅದು ಮನೆಯ ಇನ್ನೊಬ್ಬರ ಫೋನಿನಲ್ಲೂ ತೆರೆಯುವಂತೆ ಇಡಿ. ಹಳೆಯ ಕಚೇರಿಯ ಇಮೇಲನ್ನು ಕೊಟ್ಟಿದ್ದವರು ನೌಕರಿ ಬಿಟ್ಟ ದಿನವೇ ಅದನ್ನು ಬದಲಿಸಲಿ. ಫ್ರೆಂಚ್ ಮೊಬೈಲ್ ಸಂಖ್ಯೆಗೆ ಒಟಿಪಿ ಬರುವ ಖಾತೆಗಳಿದ್ದರೆ ಆ ಸಿಮ್ಮನ್ನು ಕಡಿಮೆ ದರದ ಯೋಜನೆಯಲ್ಲಿ ಜೀವಂತ ಇಟ್ಟುಕೊಳ್ಳುವುದೂ ಇದರಷ್ಟೇ ಮುಖ್ಯ.

ವೃತ್ತಿಪರ ಸ್ಯಾಂಡಿಕ್ ಆಗಿದ್ದರೆ ಮಾಲೀಕರಿಗಾಗಿ ಒಂದು ಸುರಕ್ಷಿತ ಜಾಲತಾಣವನ್ನು ಸಾಮಾನ್ಯವಾಗಿ ಒದಗಿಸಬೇಕಾಗುತ್ತದೆ. ನಿಯಮಾವಳಿ, ಕಳೆದ 3 ಸಭೆಗಳ ನಡಾವಳಿ, ವಿಮೆಯ ಕರಾರು, ನಿಮ್ಮ ಬಾಕಿಯ ಲೆಕ್ಕ ಇವೆಲ್ಲ ಅಲ್ಲಿ ಸಿಗುತ್ತವೆ. ನಾನು ತಿಂಗಳಿಗೊಮ್ಮೆ ಅದನ್ನು ತೆರೆದು, ಹೊಸದೇನಾದರೂ ಸೇರಿದ್ದರೆ ಇಳಿಸಿಕೊಳ್ಳುತ್ತೇನೆ. ಸ್ಯಾಂಡಿಕ್ ಬದಲಾದಾಗ ಹಳೆಯ ತಾಣ ಮುಚ್ಚಿಹೋಗುವುದರಿಂದ ಪ್ರತಿಗಳು ನಮ್ಮಲ್ಲೇ ಇರುವುದು ಲೇಸು.

ಸಭೆ ಮತ್ತು ಮತ

ಮಾಲೀಕರ ಸಾಮಾನ್ಯ ಸಭೆ ವರ್ಷಕ್ಕೆ ಒಮ್ಮೆಯಾದರೂ, ಲೆಕ್ಕದ ವರ್ಷ ಮುಗಿದ 6 ತಿಂಗಳೊಳಗೆ ನಡೆಯಬೇಕು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯದ ಮೇಲೆ ಸಭೆ ತೀರ್ಮಾನ ಮಾಡುವಂತಿಲ್ಲ. ನಿಮಗೆ ಬೇಕಾದ ವಿಷಯವಿದ್ದರೆ, ಉದಾಹರಣೆಗೆ ಮೆಟ್ಟಿಲಿನ ದೀಪಗಳನ್ನು ಬದಲಿಸುವುದೋ ಸ್ಯಾಂಡಿಕನ ಶುಲ್ಕವನ್ನು ಬೇರೆಯವರ ದರದೊಂದಿಗೆ ಹೋಲಿಸುವುದೋ, ಯಾವ ಕಾಲದಲ್ಲಾದರೂ ಸ್ಯಾಂಡಿಕನಿಗೆ ಬರೆದು ಕಳುಹಿಸಬಹುದು. ಅವರು ಅದನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಊರಲ್ಲಿಲ್ಲದವರು ಈ ಹಕ್ಕನ್ನು ಬಳಸುವುದೇ ಇಲ್ಲ ಎಂಬ ಬೇಸರ ನನಗಿದೆ.

ಬಹುಮತಗಳಲ್ಲಿ ಮೂರು ಬಗೆಯನ್ನು ತಿಳಿದಿರಬೇಕು. 24ನೇ ಕಲಮಿನಡಿ ದಿನನಿತ್ಯದ ನಿರ್ವಹಣೆಯ ವಿಷಯಗಳು ಬರುತ್ತವೆ. ಅಲ್ಲಿ ಬಂದವರ, ಪ್ರತಿನಿಧಿ ಕಳುಹಿಸಿದವರ ಮತ್ತು ಅಂಚೆಯಲ್ಲಿ ಮತ ಹಾಕಿದವರ ಮತಗಳನ್ನಷ್ಟೇ ಎಣಿಸುತ್ತಾರೆ. 25ನೇ ಕಲಮಿನಡಿ, ಅಂದರೆ ಸ್ಯಾಂಡಿಕನ ನೇಮಕ ಅಥವಾ ಮಾಲೀಕನೊಬ್ಬ ಹೊರಗೋಡೆಗೆ ತಾಕುವಂಥ ಕೆಲಸ ಮಾಡಿಸಲು ಕೇಳುವ ಅನುಮತಿಯಂಥ ವಿಷಯಗಳಲ್ಲಿ, ಕಟ್ಟಡದ ಎಲ್ಲ ಮಾಲೀಕರ ಒಟ್ಟು ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. 26ನೇ ಕಲಮು ಇನ್ನೂ ಬಿಗಿ: ಮಾಲೀಕರ ಸಂಖ್ಯೆಯಲ್ಲಿ ಬಹುಮತವೂ, ಅವರ ಕೈಯಲ್ಲಿ ಒಟ್ಟು ಮತಗಳ ಮೂರನೇ ಎರಡು ಭಾಗವೂ ಇರಬೇಕು. ಈ ವ್ಯತ್ಯಾಸದಿಂದ ದೂರದವರಿಗೆ ಸಂಬಂಧಿಸಿದ ಒಂದು ಸಂಗತಿ ಹೊರಡುತ್ತದೆ. 24ನೇ ಕಲಮಿನಲ್ಲಿ ಸುಮ್ಮನಿದ್ದವನು ಲೆಕ್ಕಕ್ಕೇ ಇಲ್ಲ, ಬಂದ ಕೆಲವರೇ ಎಲ್ಲರ ಪರವಾಗಿ ತೀರ್ಮಾನಿಸುತ್ತಾರೆ. 25ನೆಯದರಲ್ಲಿ ಸುಮ್ಮನಿದ್ದವನು ವಿರೋಧಿಸಿದವನಂತೆಯೇ ಆಗುತ್ತಾನೆ, ಮತ್ತು ಅವನಿಂದಾಗಿ ಕಟ್ಟಡಕ್ಕೆ ಬೇಕಾದ ಒಳ್ಳೆಯ ಕೆಲಸವೂ ನಿಂತುಹೋಗಬಹುದು. ಇಂಥ ಸಂದರ್ಭಕ್ಕೆಂದೇ, ಪ್ರಸ್ತಾಪಕ್ಕೆ ಒಟ್ಟು ಮತಗಳ ಮೂರನೇ ಒಂದು ಭಾಗವಾದರೂ ಸಿಕ್ಕಿದ್ದರೆ ಅದೇ ಸಭೆಯಲ್ಲಿ 24ನೇ ಕಲಮಿನ ಲೆಕ್ಕದಲ್ಲಿ ಮತ್ತೆ ಮತಕ್ಕೆ ಹಾಕುವ ದಾರಿಯನ್ನು ಕಾನೂನು ಕೊಟ್ಟಿದೆ.

ಇಲ್ಲಿಂದ ಮತ ಹಾಕಲು ಮೂರು ದಾರಿಗಳಿವೆ. ಒಂದು ವಿಡಿಯೊ ಮೂಲಕ ಸಭೆಗೆ ಸೇರುವುದು. ಸಂಜೆ ಆರೂವರೆಗೆ ಕರೆದ ಸಭೆ ಅವರ ಬೇಸಿಗೆಯ ಸಮಯದಲ್ಲಿ ನಮಗೆ ರಾತ್ರಿ 10 ಗಂಟೆಗೂ, ಚಳಿಗಾಲದ ಸಮಯದಲ್ಲಿ 11 ಗಂಟೆಗೂ ಬರುತ್ತದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುವುದನ್ನು ಗಮನದಲ್ಲಿಡಿ. ಎರಡನೆಯದು ಅಂಚೆಮತದ ನಮೂನೆ. ನೋಟಿಸಿನ ಜೊತೆಯಲ್ಲೇ ಬರುವ ಈ ನಮೂನೆಯಲ್ಲಿ ಪ್ರತಿ ಪ್ರಸ್ತಾಪದ ಎದುರು ಪರ, ವಿರೋಧ, ತಟಸ್ಥ ಎಂದು ಗುರುತು ಹಾಕಿ ಸಹಿ ಮಾಡಿ ಕಳುಹಿಸಬೇಕು. ಅದು ಸಭೆಗೆ 3 ಪೂರ್ಣ ದಿನ ಮೊದಲೇ ಸ್ಯಾಂಡಿಕನ ಕೈ ಸೇರಿರಬೇಕು. ಇಮೇಲಿನಲ್ಲಿ ಸ್ವೀಕರಿಸುವ ವ್ಯವಸ್ಥೆಯಿದ್ದರೆ ಸ್ಕ್ಯಾನ್ ಮಾಡಿ ಕಳುಹಿಸಿದರಾಯಿತು. ಮೂರನೆಯದು ಪ್ರತಿನಿಧಿ ಪತ್ರ.

ಪ್ರತಿನಿಧಿಯಾಗಿ ನೆರೆಯವರನ್ನಾಗಲಿ, ಅಲ್ಲೇ ಇರುವ ಕನ್ನಡದ ಗೆಳೆಯರನ್ನಾಗಲಿ ನೇಮಿಸಬಹುದು. ಅವರು ಆ ಕಟ್ಟಡದ ಮಾಲೀಕರಾಗಿರಬೇಕೆಂದಿಲ್ಲ. ಆದರೆ ಸ್ಯಾಂಡಿಕ್ ಮತ್ತು ಅವರ ನೌಕರರು ಪ್ರತಿನಿಧಿಗಳಾಗುವಂತಿಲ್ಲ. ಒಬ್ಬರ ಬಳಿ 3 ಪ್ರತಿನಿಧಿ ಪತ್ರಗಳಿಗಿಂತ ಹೆಚ್ಚು ಇರಬೇಕಾದರೆ ಅವರ ಸ್ವಂತ ಮತವೂ ಸೇರಿ ಕಟ್ಟಡದ ಒಟ್ಟು ಮತಗಳ ಶೇಕಡಾ 10ನ್ನು ದಾಟಬಾರದು. ಹಾಗಾಗಿ ಜನಪ್ರಿಯ ನೆರೆಯವರನ್ನು ನೀವು ಕೇಳುವಷ್ಟರಲ್ಲಿ ಅವರ ಕೈ ತುಂಬಿರಬಹುದು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸ್ಯಾಂಡಿಕನಿಗೆ ಕಳುಹಿಸಿದರೆ ಅವರು ಅದನ್ನು ಸಮಿತಿಯ ಅಧ್ಯಕ್ಷರಿಗೆ ಒಪ್ಪಿಸಬೇಕಾಗುತ್ತದೆ, ಯಾರು ನಿಮ್ಮ ಪರವಾಗಿ ಕೈ ಎತ್ತುತ್ತಾರೆಂಬುದು ಆಗ ನಿಮಗೆ ತಿಳಿಯುವುದಿಲ್ಲ. ಸಭೆಯ ಪ್ರತಿನಿಧಿ ಪತ್ರಕ್ಕೆ ನಮ್ಮ ನೋಟರಿಯ ಮುದ್ರೆಯಾಗಲಿ ಸ್ಟಾಂಪ್ ಪೇಪರಾಗಲಿ ಬೇಕಿಲ್ಲ, ಸಹಿ ಮಾಡಿದ ಸಾದಾ ಕಾಗದ ಸಾಕು. ಮಿನಿ ವಿಧಾನಸೌಧದ ಸುತ್ತಮುತ್ತ ಅದಕ್ಕಾಗಿ ಓಡಾಡಿ ದಿನ ಕಳೆಯಬೇಡಿ.

ಈ ಮೂರರಲ್ಲಿ ಯಾವುದು ಉತ್ತಮ ಎಂದರೆ, ದೊಡ್ಡ ಖರ್ಚಿನ ಪ್ರಸ್ತಾಪವಿದ್ದಾಗ ನಾನು ಅಂಚೆಮತವನ್ನೇ ಆರಿಸುತ್ತೇನೆ, ಏಕೆಂದರೆ ನನ್ನ ಅಭಿಪ್ರಾಯ ಬರಹದಲ್ಲಿ ಉಳಿಯುತ್ತದೆ. ಪ್ರತಿನಿಧಿಯ ಮಾತಿಗೆ ಬಂದರೆ ಅವರು ಪರವಾಗಿ ಕೈ ಎತ್ತಿದರೆ ನೀವೇ ಎತ್ತಿದಂತೆ. ಇದಕ್ಕೆ ಏಕಿಷ್ಟು ಮಹತ್ವವೆಂದರೆ, 42ನೇ ಕಲಮಿನ ಪ್ರಕಾರ ಸಭೆಯ ತೀರ್ಮಾನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ವಿರೋಧಿಸಿದವರಿಗೆ ಮತ್ತು ಗೈರುಹಾಜರಾದವರಿಗೆ ಮಾತ್ರ ಇದೆ. ಪರವಾಗಿ ಮತ ಹಾಕಿದವರಿಗಾಗಲಿ ತಟಸ್ಥರಾದವರಿಗಾಗಲಿ ಅದಿಲ್ಲ. ಅನುಮಾನವಿದ್ದಾಗ ತಟಸ್ಥ ಎಂದು ಗುರುತು ಹಾಕುವುದು ಸುರಕ್ಷಿತವೆಂದು ನಮಗೆ ಅನ್ನಿಸುತ್ತದೆ, ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಬಾಗಿಲು ಮುಚ್ಚಿಕೊಂಡಂತೆ. ನೀವು ಅಂಚೆಯಲ್ಲಿ ಪರವಾಗಿ ಮತ ಹಾಕಿದ್ದ ಪ್ರಸ್ತಾಪವನ್ನು ಸಭೆಯಲ್ಲಿ ತಿದ್ದಿ ಒಪ್ಪಿದ್ದರೆ ಮಾತ್ರ ಆ ಪ್ರಸ್ತಾಪದ ಮಟ್ಟಿಗೆ ನಿಮ್ಮನ್ನು ಗೈರುಹಾಜರಾದವರೆಂದು ಎಣಿಸುತ್ತಾರೆ.

ಸಭೆ ನಡೆದ ಒಂದು ತಿಂಗಳೊಳಗೆ ವಿರೋಧಿಗಳಿಗೂ ಗೈರುಹಾಜರಾದವರಿಗೂ ನಡಾವಳಿಯನ್ನು ಕಳುಹಿಸಬೇಕು. ಅದು ತಲುಪಿದಂದಿನಿಂದ 2 ತಿಂಗಳು ನಿಮ್ಮ ಅವಧಿ. ಆ 2 ತಿಂಗಳಲ್ಲಿ ಸ್ಯಾಂಡಿಕನಿಗೆ ತಕರಾರು ಪತ್ರ ಬರೆದರೆ ಸಾಲದು, ವಕೀಲರ ಮೂಲಕ ಅಲ್ಲಿನ ನ್ಯಾಯಾಲಯದಲ್ಲಿ ದಾವೆಯೇ ದಾಖಲಾಗಿರಬೇಕು. ಕಲಬುರಗಿಯಿಂದ ವಕೀಲರನ್ನು ಹುಡುಕಿ, ಕಾಗದ ಕಳುಹಿಸಿ, ಶುಲ್ಕ ಕಟ್ಟುವುದಕ್ಕೆ ಆ ಸಮಯ ತೀರ ಕಡಿಮೆ. ಆದ್ದರಿಂದ ಜಗಳವನ್ನು ಸಭೆಗೆ ಮೊದಲೇ, ನೋಟಿಸು ಬಂದ 21 ದಿನಗಳಲ್ಲೇ, ಸಮಿತಿಯವರೊಂದಿಗೆ ಮಾತಾಡಿ ಮುಗಿಸಿಕೊಳ್ಳುವುದು ಮೇಲು. ನೋಟಿಸಿಗೂ ಸಭೆಗೂ ನಡುವಿನ ದಿನಗಳಲ್ಲಿ ಖರ್ಚಿನ ರಶೀದಿಗಳನ್ನು ಪರಿಶೀಲಿಸುವ ಹಕ್ಕು ಪ್ರತಿ ಮಾಲೀಕನಿಗಿದೆ.

ಹಣ ಕಟ್ಟುವುದು

ಸಭೆ ಒಪ್ಪಿದ ವಾರ್ಷಿಕ ಬಜೆಟ್ಟಿನಲ್ಲಿ ನಿಮ್ಮ ಪಾಲನ್ನು ನಾಲ್ಕು ಕಂತುಗಳಾಗಿ, ಸಭೆ ಬೇರೆ ರೀತಿ ಗೊತ್ತುಮಾಡದಿದ್ದರೆ ಪ್ರತಿ ತ್ರೈಮಾಸಿಕದ ಮೊದಲ ದಿನ ಕಟ್ಟಬೇಕು. ಕಟ್ಟಡ ಕಟ್ಟಿ 10 ವರ್ಷ ದಾಟಿದ್ದರೆ ದುರಸ್ತಿ ನಿಧಿಯ ವಂತಿಗೆಯೂ ಇದರೊಂದಿಗೆ ಬರುತ್ತದೆ; ಅದು ಬಜೆಟ್ಟಿನ ಶೇಕಡಾ 5ಕ್ಕಿಂತ ಕಡಿಮೆಯಿರುವಂತಿಲ್ಲ. ಬಜೆಟ್ಟಿನ ಹೊರಗಿನ ದೊಡ್ಡ ಕೆಲಸಗಳ ಹಣವನ್ನು ಮಾತ್ರ ಸಭೆ ನಿಗದಿ ಮಾಡಿದ ತಾರೀಖುಗಳಲ್ಲಿ ಬೇರೆಯಾಗಿ ಕೇಳುತ್ತಾರೆ.

ಒಂದು ಕಂತು ತಪ್ಪಿ, ಕಾನೂನುಬದ್ಧ ತಾಕೀತು ಬಂದ 30 ದಿನಗಳಲ್ಲೂ ಕಟ್ಟದಿದ್ದರೆ, ಆ ವರ್ಷದ ಉಳಿದ ಕಂತುಗಳೂ ಒಮ್ಮೆಗೇ ಬಾಕಿಯಾಗುತ್ತವೆ. ವಸೂಲಿಯ ಖರ್ಚೂ ತಪ್ಪಿದವನ ತಲೆಗೇ ಬೀಳುತ್ತದೆ. ಇದನ್ನು ತಪ್ಪಿಸಲು ಫ್ರೆಂಚ್ ಬ್ಯಾಂಕಿನ ಖಾತೆಯನ್ನು ಅನಿವಾಸಿ ಎಂದು ತಿಳಿಸಿ ಉಳಿಸಿಕೊಂಡು, ಅದರಿಂದ ನೇರವಾಗಿ ಹಣ ಕಡಿತವಾಗುವಂತೆ ಸ್ಯಾಂಡಿಕನಿಗೆ ಅನುಮತಿ ಕೊಟ್ಟಿರಿ. ಖಾತೆಯಲ್ಲಿ ಎರಡು ಕಂತಿನಷ್ಟು ಹಣ ಸದಾ ಇರಲಿ. ಇಲ್ಲಿಂದ ಹಣ ಕಳುಹಿಸುವುದಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರಿನ ಮಿತಿಯಿದೆ, ನಮ್ಮ ಕಂತುಗಳಿಗೆ ಅದು ಬೇಕಾದಷ್ಟಾಯಿತು. ಆದರೆ ಬ್ಯಾಂಕಿನ ಶಾಖೆಯಲ್ಲಿ ಅರ್ಜಿ, ಪ್ಯಾನ್, ಬೇಡಿಕೆ ಪತ್ರದ ಪ್ರತಿ ಎಂದು ಕೆಲವು ದಿನಗಳು ಹೋಗುತ್ತವೆ, ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಬೀಗ ಹಾಕಿದ ಮನೆ

ಮೇ ತಿಂಗಳ ಬಿಸಿಲಿನಲ್ಲಿ ಬೆಂದವರಿಗೆ, ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಯನ್ನೇ ಒಡೆಯುತ್ತದೆ ಎಂಬ ಯೋಚನೆ ಸುಲಭವಾಗಿ ಹೊಳೆಯುವುದಿಲ್ಲ. ಬೀಗ ಹಾಕುವ ಮೊದಲು ಮುಖ್ಯ ನೀರಿನ ವಾಲ್ವನ್ನು ಮುಚ್ಚಿ, ನಲ್ಲಿಗಳಲ್ಲಿ ಉಳಿದ ನೀರನ್ನು ಹರಿಸಿಬಿಡಿ. ಹೀಟರಿನಲ್ಲಿ ಓರ್ ಜೆಲ್ ಎಂಬ ಸ್ಥಿತಿಯಿದ್ದರೆ ಅದರಲ್ಲಿ ಬಿಡಿ. ಮನೆಯನ್ನು ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿಡಲು ಅದು ಇರುವುದು. ನೀರು ಸೋರಿ ಕೆಳಗಿನವರ ಛಾವಣಿ ಹಾಳಾಗುವುದು ಫ್ರಾನ್ಸಿನ ಕಟ್ಟಡಗಳಲ್ಲಿ ಬಹಳ ಸಾಮಾನ್ಯವಾದ ಅವಘಡ. ವಾಸವಿರಲಿ ಇಲ್ಲದಿರಲಿ, ಬೇರೆಯವರಿಗೆ ಆಗುವ ಹಾನಿಯ ಹೊಣೆಗಾದರೂ ವಿಮೆ ಮಾಡಿಸುವುದು ಪ್ರತಿ ಸಹಮಾಲೀಕನ ಕರ್ತವ್ಯ. ವಾಸವಿಲ್ಲದ ಮಾಲೀಕರಿಗೆಂದೇ ಪಿಎನ್‌ಒ ಎಂದು ಕರೆಯುವ ಪಾಲಿಸಿ ಸಿಗುತ್ತದೆ. ಮನೆ ಎಷ್ಟು ದಿನ ಖಾಲಿಯಿದ್ದರೆ ಪರಿಹಾರ ನಿಂತುಹೋಗುತ್ತದೆ, ನೀರನ್ನು ಮುಚ್ಚಿರಬೇಕೆಂಬ ಷರತ್ತಿದೆಯೇ ಎಂಬ ಎರಡು ಮಾತುಗಳನ್ನು ಪಾಲಿಸಿಯಲ್ಲಿ ಓದಿಯೇ ಸಹಿ ಮಾಡಿ. ಸೋರಿಕೆಯಾದದ್ದು ತಿಳಿದ 5 ಕೆಲಸದ ದಿನಗಳೊಳಗೆ ವಿಮೆಯವರಿಗೆ ತಿಳಿಸಬೇಕು.

ಹತ್ತಿರದಲ್ಲೇ ಇರುವ ಒಬ್ಬರ ಕೈಯಲ್ಲಿ ಕೀಲಿ ಇರಲೇಬೇಕು. ಸಭೆ ಒಪ್ಪಿದ ಸಾಮೂಹಿಕ ಕೆಲಸಕ್ಕೆ ನಿಮ್ಮ ಫ್ಲ್ಯಾಟಿನೊಳಗೆ ಬರಬೇಕಾದರೆ 8 ದಿನ ಮೊದಲು ನೋಟಿಸು ಕೊಟ್ಟು ಬರುತ್ತಾರೆ, ತುರ್ತಿದ್ದರೆ ಅದೂ ಇಲ್ಲ. ನನ್ನ ಕೀಲಿ ಕೆಳಮಹಡಿಯ ಹಿರಿಯ ಮಹಿಳೆಯೊಬ್ಬರ ಬಳಿ ಇದೆ. ಅವರು ತಿಂಗಳಿಗೊಮ್ಮೆ ಬಾಗಿಲು ತೆಗೆದು, ಟಪಾಲು ಡಬ್ಬಿಯಲ್ಲಿದ್ದುದನ್ನು ಫೋಟೊ ತೆಗೆದು ಕಳುಹಿಸುತ್ತಾರೆ. ಹೋದಾಗಲೆಲ್ಲ ನಾನು ಅವರಿಗೆ ನಮ್ಮ ಮನೆಯ ಶೇಂಗಾ ಹಿಂಡಿ, ಎಣ್ಣೆ ಹೋಳಿಗೆ ಒಯ್ಯುತ್ತೇನೆ. ಹಣ ಕೊಡಹೋದರೆ ಅವರು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕಲಬುರಗಿಯಲ್ಲಿ ಬೇಸಿಗೆ ಬಂದರೆ ಕಿಟಕಿಗೆ ಕೂಲರ್ ಕೂರಿಸುವುದಕ್ಕೆ ಯಾರನ್ನೂ ಕೇಳುವ ರೂಢಿಯಿಲ್ಲ. ಅಲ್ಲಿ ಏಸಿಯ ಹೊರಘಟಕವನ್ನು ಗೋಡೆಗೆ ಹಾಕುವುದಕ್ಕೂ, ಬಾಲ್ಕನಿಗೆ ಗಾಜು ಮುಚ್ಚುವುದಕ್ಕೂ ಸಭೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದ್ದನ್ನು ಸ್ವಂತ ಖರ್ಚಿನಲ್ಲಿ ತೆಗೆಸುವ ಆದೇಶ ಬರಬಹುದು.

ಬಾಡಿಗೆಗೆ ಕೊಡುವುದಾದರೆ

ಸ್ಯಾಂಡಿಕ್ ಕಟ್ಟಡವನ್ನು ನೋಡಿಕೊಳ್ಳುವವನು. ನಿಮ್ಮ ಬಾಡಿಗೆದಾರನನ್ನು ನೋಡಿಕೊಳ್ಳುವ ಏಜೆನ್ಸಿಯ ಕೆಲಸ ಬೇರೆ. ಎರಡನ್ನೂ ಒಂದೇ ಸಂಸ್ಥೆ ಮಾಡುತ್ತಿದ್ದರೂ ಕರಾರು ಎರಡು, ಶುಲ್ಕ ಎರಡು. 1989ರ ಜುಲೈ 6ರ ಕಾನೂನಿನಂತೆ ಖಾಲಿ ಮನೆಯನ್ನು ವ್ಯಕ್ತಿಯೊಬ್ಬರು ಬಾಡಿಗೆಗೆ ಕೊಟ್ಟರೆ ಕರಾರು ಸಾಮಾನ್ಯವಾಗಿ 3 ವರ್ಷದ್ದು, ಸಾಮಾನು ಸಹಿತ ಕೊಟ್ಟರೆ 1 ವರ್ಷದ್ದು. ನಮ್ಮಲ್ಲಿಯಂತೆ 11 ತಿಂಗಳ ಕರಾರು ಅಲ್ಲಿ ನಡೆಯದು. ಇಂಧನ ಬಳಕೆಯ ಪ್ರಮಾಣಪತ್ರದಲ್ಲಿ ಜಿ ದರ್ಜೆ ಪಡೆದ ಮನೆಗಳನ್ನು 2025ರ ಜನವರಿ 1ರಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2028ರಿಂದ ಎಫ್ ದರ್ಜೆಗೂ, 2034ರಿಂದ ಇ ದರ್ಜೆಗೂ ಇದೇ ನಿಯಮ ಬರುವುದಿದೆ. ಆದ್ದರಿಂದ ಗೋಡೆಗೆ ಹೊರಗಿನಿಂದ ಶಾಖನಿರೋಧಕ ಹೊದಿಕೆ ಹಾಕಿಸುವ ಪ್ರಸ್ತಾಪ ಸಭೆಗೆ ಬಂದಾಗ ಅದನ್ನು ಬರೀ ಖರ್ಚೆಂದು ತಳ್ಳಿಹಾಕದೆ, ನಿಮ್ಮ ಫ್ಲ್ಯಾಟಿನ ದರ್ಜೆಯನ್ನು ನೋಡಿಕೊಂಡು ಮತ ಹಾಕಿ.

ತೆರಿಗೆ, ಎರಡೂ ಕಡೆ

ಜನವರಿ 1ರಂದು ಯಾರು ಮಾಲೀಕರೋ ಅವರು ಆ ವರ್ಷದ ತಾಕ್ಸ್ ಫೊನ್ಸಿಯೆರ್ ಎಂಬ ಆಸ್ತಿ ತೆರಿಗೆ ಕಟ್ಟಬೇಕು. ಬಿಲ್ಲು ಶರತ್ಕಾಲದಲ್ಲಿ ಬರುತ್ತದೆ. ಸಾಮಾನು ಸಹಿತ ನಿಮ್ಮ ಉಪಯೋಗಕ್ಕೇ ಇಟ್ಟುಕೊಂಡ ಮನೆಗೆ ಎರಡನೇ ಮನೆಯ ವಾಸತೆರಿಗೆಯೂ ಇದೆ. ಮನೆಯಲ್ಲಿ ಯಾರಿದ್ದಾರೆಂಬುದನ್ನು ತೆರಿಗೆ ಇಲಾಖೆಯ ತಾಣದಲ್ಲಿ ಘೋಷಿಸುವುದು 2023ರಿಂದ ಕಡ್ಡಾಯವಾಗಿದ್ದು, ತಪ್ಪಿದರೆ 150 ಯೂರೊ ದಂಡ ಬೀಳಬಹುದು. ಬಾಡಿಗೆ ಆದಾಯವಿದ್ದರೆ ಪ್ರತಿ ವರ್ಷ ವಸಂತದಲ್ಲಿ ರಿಟರ್ನ್ ಸಲ್ಲಿಸಬೇಕು. ಅನಿವಾಸಿಗಳ ಕಡತ ಪ್ಯಾರಿಸ್ ಬಳಿಯ ನ್ವಾಜಿ-ಲ-ಗ್ರಾಂ ಕಚೇರಿಯಲ್ಲಿರುತ್ತದೆ. ತೆರಿಗೆಯ ಕನಿಷ್ಠ ದರ ಶೇಕಡಾ 20ರಿಂದ ಆರಂಭವಾಗುತ್ತದೆ, ಮತ್ತು ಭಾರತದಲ್ಲಿ ನೆಲೆಸಿದವರು ಖಾಲಿ ಮನೆಯ ಬಾಡಿಗೆಯ ಮೇಲೆ ಶೇಕಡಾ 17.2ರ ಸಾಮಾಜಿಕ ವಂತಿಗೆಯನ್ನೂ ಕೊಡಬೇಕಾಗುತ್ತದೆ.

ಭಾರತದ ಕಡೆಯ ನಿಯಮವನ್ನು ಕಡೆಗಣಿಸುವವರೇ ಹೆಚ್ಚು. ಅನಿವಾಸಿಯಾಗಿದ್ದಾಗ ಕೊಂಡ ವಿದೇಶಿ ಮನೆಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4)ನೇ ವಿಧಿ ಅವಕಾಶ ಕೊಟ್ಟಿದೆ. ಆದರೆ ಪೂರ್ಣ ನಿವಾಸಿಯಾದ ವರ್ಷದಿಂದ ಆ ಫ್ಲ್ಯಾಟನ್ನೂ ಫ್ರೆಂಚ್ ಬ್ಯಾಂಕ್ ಖಾತೆಯನ್ನೂ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಬಾಡಿಗೆ ಬರದಿದ್ದರೂ ಇದು ತಪ್ಪುವುದಿಲ್ಲ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಆ ಪಟ್ಟಿಯಲ್ಲಿ ಲೆಕ್ಕ ಕೇಳುವುದು ಡಿಸೆಂಬರಿಗೆ ಮುಗಿಯುವ ವರ್ಷದ್ದು, ನಮ್ಮ ಮಾರ್ಚ್ ತಿಂಗಳಿನದಲ್ಲ. ಭಾರತ ಮತ್ತು ಫ್ರಾನ್ಸ್ ನಡುವೆ 1992ರಲ್ಲಿ ಆದ ಒಪ್ಪಂದದಿಂದಾಗಿ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುತ್ತದೆ, ಅದಕ್ಕೆ ಅಲ್ಲಿನ ತೆರಿಗೆ ಬಿಲ್ಲುಗಳನ್ನು ಜೋಪಾನವಾಗಿಡಬೇಕು. ನಿಮ್ಮ ಊರಿನ ಸಿಎ ವಿದೇಶಿ ಆಸ್ತಿಯ ರಿಟರ್ನ್ ಮಾಡಿರದಿದ್ದರೆ, ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಅಂಥ ಅನುಭವವಿದ್ದವರನ್ನು ಒಮ್ಮೆ ಕೇಳುವುದು ಯೋಗ್ಯ.

ಹಲವರ ಹೆಸರಿನಲ್ಲಿದ್ದಾಗ, ಮತ್ತು ಮಾರುವಾಗ

ಫ್ಲ್ಯಾಟ್ ಅಣ್ಣತಂಗಿಯರಿಗೆ ಕೂಡಿ ಬಂದಿದ್ದರೆ, ಸಭೆಯಲ್ಲಿ ಎಲ್ಲರ ಪರವಾಗಿ ಒಬ್ಬರೇ ಪ್ರತಿನಿಧಿಯಾಗಿರಬೇಕು. ಒಬ್ಬರು ಬೀದರಿನಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ದುಬೈಯಲ್ಲಿ ಇರುವ ಕುಟುಂಬದಲ್ಲಿ ಇದನ್ನು ಬರವಣಿಗೆಯಲ್ಲಿ ಗೊತ್ತುಮಾಡಿ ಸ್ಯಾಂಡಿಕನಿಗೆ ಕಳುಹಿಸದಿದ್ದರೆ ಎಲ್ಲರ ಮತವೂ ವ್ಯರ್ಥವಾದೀತು.

ಮಾರಾಟವನ್ನು ಇಲ್ಲಿಂದಲೇ ಮುಗಿಸಬೇಕೆಂದರೆ ಫ್ರೆಂಚ್ ನೋಟರಿಯವರು ಕೊಟ್ಟ ಕರಡಿನಂತೆಯೇ ಮುಖ್ತ್ಯಾರ ಪತ್ರ ಬರೆಸಿ, ಸಹಿಯನ್ನು ದೃಢೀಕರಿಸಿ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲಿ ನಡೆಯುವಂತೆ ಮಾಡುವ ದೃಢೀಕರಣ) ಪಡೆಯಬೇಕಾಗುತ್ತದೆ. ಯಾವ ರೂಪದ ಪತ್ರ ತಮಗೆ ಒಪ್ಪಿಗೆ ಎಂದು ಆ ನೋಟರಿಯಿಂದಲೇ ಮೊದಲು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಾಕಿಗಳ ವಿವರವಿರುವ ಎತಾ ದಾತೆ ಎಂಬ ಪತ್ರಕ್ಕೆ ಸ್ಯಾಂಡಿಕ್ 380 ಯೂರೊಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಮಾರಾಟದ ವಿಷಯ ತಿಳಿದ ಮೇಲೆ ಸ್ಯಾಂಡಿಕನಿಗೆ 15 ದಿನ ಸಮಯವಿದ್ದು, ಬಾಕಿಯಿದ್ದರೆ ಅಷ್ಟು ಹಣವನ್ನು ನೋಟರಿಯ ಬಳಿಯೇ ತಡೆಹಿಡಿಸಬಹುದು. ದುರಸ್ತಿ ನಿಧಿಗೆ ನೀವು ಕಟ್ಟಿದ್ದನ್ನು ಸ್ಯಾಂಡಿಕ್ ಹಿಂದಿರುಗಿಸುವುದಿಲ್ಲ, ಅದು ಫ್ಲ್ಯಾಟಿಗೆ ಅಂಟಿಕೊಂಡ ಹಣ. ಕೊಳ್ಳುವವರಿಂದ ಅಷ್ಟನ್ನು ಬೇರೆಯಾಗಿ ಕೇಳಿ ಪಡೆಯುವುದಿದ್ದರೆ ಆ ಮಾತನ್ನು ಮೊದಲ ಕರಾರಿನಲ್ಲೇ ಬರೆಸಿರಬೇಕು. ಒಪ್ಪಿಗೆಯಾಗಿಯೂ ಇನ್ನೂ ನಡೆಯದ ಕೆಲಸಗಳ ಕಂತುಗಳು, ಅವು ಬಾಕಿಯಾಗುವ ದಿನ ಯಾರು ಮಾಲೀಕರಾಗಿರುತ್ತಾರೋ ಅವರಿಗೆ ಸೇರುತ್ತವೆ, ಇಬ್ಬರೂ ತಮ್ಮೊಳಗೆ ಬೇರೆ ರೀತಿ ಒಪ್ಪಿಕೊಂಡಿದ್ದರೆ ಆ ಒಪ್ಪಂದ ಅವರಿಬ್ಬರ ನಡುವೆ ಮಾತ್ರ ನಡೆಯುತ್ತದೆ.